ಮೂರನೆಯದು ಅರ್ಧ ಬೆಲೆಗೆ

ಗದ್ದ, ದವಡೆ, ಕುತ್ತಿಗೆ ಮೂರನ್ನೂ ಒಂದೇ ದಿನ ತಿದ್ದಿಸಿಕೊಳ್ಳಲು ತಾರೀಖು ಗೊತ್ತು ಮಾಡಿಕೊಂಡಿರುವ ತಮ್ಮ ತಂಗಿಯರಿಗೆ,

ನಾನು ಡಾಕ್ಟರಲ್ಲ. ಬೆಂಗಳೂರಿನ ಒಂದು ಕಾಸ್ಮೆಟಿಕ್ ಕ್ಲಿನಿಕ್ಕಿನಲ್ಲಿ ಒಂಬತ್ತು ವರ್ಷ ಕೌನ್ಸೆಲರ್ ಆಗಿದ್ದವಳು. ನೀವು ಒಳಗೆ ಬಂದ ಕೂಡಲೇ ಕೂರಿಸಿ, ನೀರು ಕೊಟ್ಟು, ಕೈಗೊಂದು ಕನ್ನಡಿ ಕೊಟ್ಟು, 'ಹೇಳಿ, ನಿಮ್ಮ ಮುಖದಲ್ಲಿ ನಿಮಗೇನು ಇಷ್ಟವಿಲ್ಲ?' ಎಂದು ಕೇಳುತ್ತಾಳಲ್ಲ, ಆ ಹೆಂಗಸು. ಡಾಕ್ಟರನ್ನು ನೋಡಿ ಹೊರಗೆ ಬಂದ ಮೇಲೆ ರೇಟು ಹೇಳುವವಳೂ ಅವಳೇ. ಸಂಬಳ ಕಮ್ಮಿ, ಇನ್ಸೆಂಟಿವ್ ಜಾಸ್ತಿ. ಒಂದು ಆಪರೇಷನ್ನಿಗೆ ಒಪ್ಪಿಸಿದರೆ ಇಷ್ಟು, ಎರಡಕ್ಕೆ ಇಷ್ಟು. ಮೂರು ಸೇರಿಸಿ 'ಕಾಂಬೊ' ಮಾಡಿಸಿದವರಿಗೆ ತಿಂಗಳ ಕೊನೆಯ ಮೀಟಿಂಗಿನಲ್ಲಿ ಎಲ್ಲರೆದುರು ಚಪ್ಪಾಳೆ. ಆ ಚಪ್ಪಾಳೆ ನನಗೆ ಬಹಳ ಸಲ ಸಿಕ್ಕಿದೆ. ಈ ಕಾಗದ ಬರೆಯಲು ನನಗಿರುವ ಅರ್ಹತೆ ಅಷ್ಟೇ.

ಮೊದಲು ಆ ಕನ್ನಡಿಯ ವಿಷಯ ಹೇಳಿಬಿಡುತ್ತೇನೆ. ಅದನ್ನು ನಾವು ನೆಟ್ಟಗೆ ನಿಲ್ಲಿಸಿ ಕೊಡುತ್ತಿರಲಿಲ್ಲ, ಮೇಜಿನ ಮೇಲೆ ಮಲಗಿಸಿ ಮುಂದಕ್ಕೆ ಸರಿಸುತ್ತಿದ್ದೆವು. ಬಗ್ಗಿ ನೋಡಿಕೊಂಡರೆ ಇಪ್ಪತ್ತರ ಹುಡುಗಿಗೂ ಕುತ್ತಿಗೆಯಲ್ಲಿ ಒಂದು ಮಡಿಕೆ ಕಾಣುತ್ತದೆ, ಕೆನ್ನೆ ಜೋತುಬೀಳುತ್ತದೆ, ಗದ್ದ ಒಳಗೆ ಸರಿದಂತೆ ಇರುತ್ತದೆ. ಗುಡ್ಡದ ಇಳಿಜಾರಿನಲ್ಲಿ ಮಣ್ಣು ಜಾರುವುದಿಲ್ಲವೆ, ಹಾಗೆ. ಭೂಮಿಯ ಸೆಳೆತಕ್ಕೆ ಎಲ್ಲರ ಮುಖವೂ ಒಂದೇ. ನೀವು ಮೂಗು ತೋರಿಸಲು ಬಂದವರು ಆ ಕನ್ನಡಿ ನೋಡಿ 'ಅಯ್ಯೋ, ಡಬಲ್ ಚಿನ್ನೂ ಇದೆಯಲ್ಲ' ಅನ್ನುತ್ತಿದ್ದಿರಿ. ನಾನು ಏನೂ ಹೇಳಬೇಕಾಗಿರಲಿಲ್ಲ. ಪೆನ್ನು ತೆಗೆದುಕೊಂಡು ಬರೆದುಕೊಂಡರೆ ಸಾಕಿತ್ತು.

ಮನೆಯಲ್ಲಿರುವ ಫೋನೂ ಇದಕ್ಕಿಂತ ಪ್ರಾಮಾಣಿಕವೇನಲ್ಲ. 2022ರಲ್ಲಿ ಅಮೆರಿಕದ ಡಲ್ಲಾಸ್‌ನ ಪ್ಲಾಸ್ಟಿಕ್ ಸರ್ಜನ್ನರು 30 ಜನರ ಫೋಟೊ ತೆಗೆದು ಅಳತೆ ಹಾಕಿದರು. 12 ಇಂಚು ದೂರದಲ್ಲಿ ಹಿಡಿದ ಸೆಲ್ಫಿಯಲ್ಲಿ ಮೂಗು ಶೇ. 6.4ರಷ್ಟು ಉದ್ದ, ಗದ್ದ ಶೇ. 12ರಷ್ಟು ಗಿಡ್ಡ. ಐದಡಿ ದೂರದಿಂದ ಕ್ಯಾಮೆರಾದಲ್ಲಿ ತೆಗೆದ ಚಿತ್ರಕ್ಕೆ ಹೋಲಿಸಿದ ಲೆಕ್ಕ ಇದು. ಅಂದರೆ ನಿಮ್ಮ ತೋಳಿನಳತೆಯ ಒಳಗೆ ಹಿಡಿದ ಫೋನು ಇಲ್ಲದ ಕಾಯಿಲೆಯೊಂದನ್ನು ಹುಟ್ಟಿಸಿ ಕೊಡುತ್ತದೆ. ಎದುರಿಗೆ ಕೂತು ಮಾತಾಡುವವರಿಗೆ ಆ ಗದ್ದ ಕಾಣುವುದೇ ಇಲ್ಲ.

ಹಾಗಂತ ಮಾಡಿಸಿಕೊಳ್ಳಲೇಬೇಡಿ ಎಂದು ಬುದ್ಧಿವಾದ ಹೇಳಲು ಹೊರಟಿಲ್ಲ. ಗದ್ದ ಒಳಗಿದೆ ಎಂದು ಹದಿನೈದು ವರ್ಷ ಗುಂಪು ಫೋಟೊದಲ್ಲಿ ಹಿಂದೆ ನಿಂತ ಹುಡುಗ, ಆಪರೇಷನ್ ಆದ ಆರು ತಿಂಗಳಿಗೆ ಗಡ್ಡ ತೆಗೆಸಿಕೊಂಡು ಬಂದು ನಿಂತದ್ದನ್ನು ನೋಡಿದ್ದೇನೆ. ಎರಡು ಮೂರು ಸೇರಿಸಿ ಮಾಡುವುದೂ ತಪ್ಪಲ್ಲ. ಆ ಯೋಚನೆ ಹಳೆಯದು. ಬುಡಾಪೆಸ್ಟ್‌ನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಗುಸ್ತಾವ್ ಆಫ್ರಿಕ್ಟ್ ಎಂಬ ಸರ್ಜನ್ 1934ರಲ್ಲೇ ಮೂಗು ಗದ್ದ ಎರಡನ್ನೂ ಸೇರಿಸಿ ಮಾಡುವ ಬಗೆಯನ್ನು ಬರೆದ. ಉಬ್ಬಿದ ಮೂಗಿನಿಂದ ಕತ್ತರಿಸಿ ತೆಗೆದ ಮೂಳೆಯ ತುಂಡನ್ನೇ ಒಯ್ದು ಹಿಂದೆ ಸರಿದ ಗದ್ದಕ್ಕೆ ಇಟ್ಟ. ಮೂಗು ದೊಡ್ಡದಾಗಿ ಕಾಣುವುದು ಎಷ್ಟೋ ಸಲ ಗದ್ದ ಚಿಕ್ಕದಾಗಿರುವುದರಿಂದ, ಒಂದನ್ನು ಮುಟ್ಟಿದರೆ ಇನ್ನೊಂದರ ತೂಕ ಬದಲಾಗುತ್ತದೆ ಎಂಬುದು ಅವನಿಗೆ ಹೊಳೆದಿತ್ತು. ಅವನು ಮೂಗನ್ನೂ ಗದ್ದವನ್ನೂ ಸೇರಿಸಿದ್ದು ಮುಖ ನೋಡಿ. ನಾನು ಸೇರಿಸುತ್ತಿದ್ದದ್ದು ರೇಟ್ ಕಾರ್ಡ್ ನೋಡಿ. ನಿಮ್ಮ ಚೀಟಿಯಲ್ಲಿ ಬರೆದಿರುವ ಮೂರನ್ನು ಯಾರು, ಏನು ನೋಡಿ ಸೇರಿಸಿದರು ಎಂದು ಕೇಳಿಕೊಳ್ಳಿ ಅನ್ನುವುದಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು.

ನಮ್ಮಲ್ಲಿಗೆ ವಾರಕ್ಕೆರಡು ದಿನ ಒಬ್ಬರು ಹಿರಿಯ ಸರ್ಜನ್ ಬರುತ್ತಿದ್ದರು. ಮಾತು ಕಡಿಮೆ. ಮಾಲೀಕರಿಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ, ಏಕೆಂದರೆ ನಾನು ಮೂರು ಬರೆದು ಒಳಗೆ ಕಳಿಸಿದವರನ್ನು ಅವರು ಒಂದಕ್ಕೆ ಇಳಿಸಿ ಹೊರಗೆ ಕಳಿಸುತ್ತಿದ್ದರು. ಒಮ್ಮೆ ಒಬ್ಬ ಹುಡುಗನನ್ನು ಹಾಗೆ ಕಳಿಸಿದಾಗ ಸಿಟ್ಟಿನಲ್ಲಿ 'ಯಾಕೆ ಸರ್?' ಅಂದೆ. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ದವಡೆಯನ್ನು ಕೈಗೆ ಕೊಟ್ಟು ಗದ್ದದ ಒಳಬದಿಯನ್ನು ಬೆರಳಿಂದ ಮುಟ್ಟಿಸಿದರು. ಅಲ್ಲಿ ಪುಟ್ಟ ಗುಬುಟುಗಳಿವೆ. ನಾಲಿಗೆಯ ಸ್ನಾಯು, ಅದರಡಿಯ ಸ್ನಾಯುಗಳು ಅಲ್ಲಿಗೇ ಅಂಟಿಕೊಂಡಿರುತ್ತವೆ. ಕೆಳದುಟಿಯ ಒಳಗಿನಿಂದ ಕೊಯ್ದು, ಗದ್ದದ ಮೂಳೆಯನ್ನು ಅಡ್ಡಕ್ಕೆ ಕತ್ತರಿಸಿ, ಕೆಳಗಿನ ತುಂಡನ್ನು ಡ್ರಾಯರ್ ಎಳೆದ ಹಾಗೆ ಮುಂದಕ್ಕೆ ಜಾರಿಸಿ ಟೈಟೇನಿಯಂ ಪಟ್ಟಿ, ಸ್ಕ್ರೂ ಹಾಕಿ ಕೂರಿಸುತ್ತಾರೆ. ಇದಕ್ಕೆ ಜೀನಿಯೋಪ್ಲಾಸ್ಟಿ ಎಂದು ಹೆಸರು. 1942ರಲ್ಲಿ ಹೋಫರ್ ಎಂಬಾತ ಮೊದಲು ವಿವರಿಸಿದ್ದು, ಹೊರಗೆ ಗಾಯವಿಲ್ಲದೆ ಬಾಯೊಳಗಿನಿಂದಲೇ ಮಾಡುವುದನ್ನು 1957ರಲ್ಲಿ ಟ್ರೌನರ್ ಮತ್ತು ಓಬ್ವೆಗೇಸರ್ ತೋರಿಸಿಕೊಟ್ಟರು. ಮೂಳೆ ಮುಂದೆ ಬಂದಾಗ ಅದಕ್ಕೆ ಅಂಟಿದ ಸ್ನಾಯುಗಳೂ ಮುಂದೆ ಬರುತ್ತವೆ. ಸಡಿಲವಾಗಿ ಜೋತಿದ್ದ ಗದ್ದದಡಿಯ ಚರ್ಮ ತಾನಾಗಿ ಬಿಗಿಯುತ್ತದೆ. 'ಈಗ ಹೇಳಮ್ಮ, ನೀನು ಬರೆದ, ಕುತ್ತಿಗೆಯ ಕೊಬ್ಬು ಹೀರುವ ಲೈಪೋ ಇವನಿಗೆ ಬೇಕಾ? ಆರು ತಿಂಗಳು ಕಾದು ನೋಡೋಣ' ಅಂದರು. ಬಹಳ ಜನಕ್ಕೆ ಬೇಕಾಗಲೇ ಇಲ್ಲ.

ಸಿಲಿಕಾನ್ ಇಂಪ್ಲಾಂಟ್ ಇಟ್ಟರೆ ಈ ಲಾಭವಿಲ್ಲ. ಅದು ಮೂಳೆಯ ಮೇಲೆ ಕೂರುತ್ತದೆಯೇ ಹೊರತು ಒಳಗಿನ ಸ್ನಾಯುವನ್ನು ಎಳೆಯುವುದಿಲ್ಲ. ಬೇಗ ಮುಗಿಯುತ್ತದೆ, ಬೇಡವೆಂದರೆ ತೆಗೆಯಬಹುದು, ನಿಜ. ಅಡಿಯ ಮೂಳೆ ನಿಧಾನಕ್ಕೆ ಸವೆಯುವುದುಂಟೆಂದು 1960ರ ದಶಕದಿಂದಲೇ ವೈದ್ಯರು ಬರೆಯುತ್ತ ಬಂದಿದ್ದಾರೆ, ಅದೂ ನಿಜ. ಇಂಪ್ಲಾಂಟ್ ಇಡಿಸಿಕೊಳ್ಳುವವರಿಗೆ ಲೈಪೋ ಸೇರಿಸುವುದರಲ್ಲಿ ಅರ್ಥವಿರಬಹುದು. ನಿಮಗೆ ಮೂಳೆ ಜಾರಿಸುತ್ತಾರೋ ಇಂಪ್ಲಾಂಟ್ ಇಡುತ್ತಾರೋ ಗೊತ್ತಿಲ್ಲದೆಯೇ ಜೊತೆಗೆ ಇನ್ನೇನು ಮಾಡಿಸಬೇಕೆಂದು ನಿರ್ಧಾರವಾಗಿದ್ದರೆ, ಅದು ನಿಮ್ಮ ಮುಖಕ್ಕಾಗಿ ಆದ ನಿರ್ಧಾರವಲ್ಲ.

ಇನ್ನೊಂದು ಬಗೆಯವರಿದ್ದಾರೆ, ಅವರಿಗೆ ಸೇರಿಸಿ ಮಾಡದೆ ಗತಿಯಿಲ್ಲ. ಗದ್ದ ಚಿಕ್ಕದು ಎಂದು ಬರುತ್ತಾರೆ, ಬಾಯಿ ತೆರೆಸಿದರೆ ಕೆಳದವಡೆಯೇ ಪೂರ್ತಿ ಹಿಂದಿರುತ್ತದೆ. ಮೇಲಿನ ಹಲ್ಲು ಕೆಳಗಿನ ಹಲ್ಲಿಗಿಂತ ಬೆರಳಗಲ ಮುಂದೆ. ತುಟಿ ಮುಚ್ಚಬೇಕಾದರೆ ಗದ್ದ ಸುಕ್ಕುಗಟ್ಟುತ್ತದೆ. ರಾತ್ರಿ ಗೊರಕೆ. ಇಂಥವರಿಗೆ ಬರೀ ಗದ್ದಕ್ಕೆ ಇಂಪ್ಲಾಂಟ್ ಇಡುವುದು ವಾಲಿದ ಗೋಡೆಗೆ ಸುಣ್ಣ ಹೊಡೆದಂತೆ. ವರ್ಷಗಟ್ಟಲೆ ಕ್ಲಿಪ್ಪು ಹಾಕಿ ಹಲ್ಲು ಸಾಲು ಮಾಡಿ, ಆಮೇಲೆ ದವಡೆಯನ್ನೇ ಎರಡೂ ಕಡೆ ಸೀಳಿ ಮುಂದೆ ತಂದು, ಅದರ ಜೊತೆಗೆ ಗದ್ದವನ್ನೂ ತಿದ್ದುತ್ತಾರೆ. ಇದು ಹಲ್ಲಿನ ಡಾಕ್ಟರು, ದವಡೆಯ ಸರ್ಜನ್ನು ಕೂತು ಮಾತಾಡಿ ಮಾಡುವ ಕೆಲಸ. ನಮ್ಮ ಕ್ಲಿನಿಕ್ಕಿನಲ್ಲಿ ಹಲ್ಲಿನ ಡಾಕ್ಟರೇ ಇರಲಿಲ್ಲ. ಹಾಗಾಗಿ ನಾವು ಯಾರ ಬಾಯನ್ನೂ ತೆರೆಸುತ್ತಿರಲಿಲ್ಲ. ಆ ಹಿರಿಯರೊಬ್ಬರು ಮಾತ್ರ ಮೊದಲ ಮಾತೇ 'ಕಚ್ಚಿ ತೋರಿಸಿ' ಅನ್ನುತ್ತಿದ್ದರು.

ಸುಮ್ಮನೆ ನೆನಪಾಯಿತು, ಹೇಳಿಬಿಡುತ್ತೇನೆ. ಹುಬ್ಬಳ್ಳಿ ಕಡೆಯ ಒಬ್ಬ ಹೆಣ್ಣುಮಗಳು ಬಂದಿದ್ದಳು. 'ಗಲ್ಲ ಭಾಳ ದಪ್ಪ ಅದಾವ್ರಿ, ಸಣ್ಣ ಮಾಡ್ರಿ' ಅಂದಳು. ನಾನು ಮೈಸೂರಿನವಳು, ನನಗೆ ಗಲ್ಲ ಅಂದರೆ ಗದ್ದ. ಗದ್ದ ಸಣ್ಣ ಮಾಡುವ ಆಪರೇಷನ್ ಎಂದು ಬರೆದೆ, ಎಸ್ಟಿಮೇಟೂ ಕೊಟ್ಟೆ, ಅವಳ ಅಣ್ಣ ಮುಂಗಡವನ್ನೂ ಕಟ್ಟಿದ. ಸರ್ಜನ್ ಅವಳ ಮುಖ ನೋಡಿ ತಬ್ಬಿಬ್ಬು. ಮೊದಲೇ ಚಿಕ್ಕದಾದ ಗದ್ದವನ್ನು ಇನ್ನೆಷ್ಟು ಕತ್ತರಿಸಲಿ? 'ಎಲ್ಲಿ, ಕೈಯಿಟ್ಟು ತೋರಿಸವ್ವ' ಅಂದರು. ಅವಳು ಎರಡೂ ಕೆನ್ನೆ ಹಿಡಿದು ತೋರಿಸಿದಳು. ಅದಾವ್ರಿ ಅಂದಾಗಲೇ ನನಗೆ ತಿಳಿಯಬೇಕಿತ್ತು, ಗದ್ದ ಒಂದೇ ಇರುತ್ತದೆ. ಅಂದಿನಿಂದ ನಾನು ಬಾಯಿಮಾತನ್ನು ನಂಬುವುದು ಬಿಟ್ಟೆ. ನೀವೂ 'ಜಾಲೈನ್', 'ವಿ ಶೇಪ್' ಎಂಬ ಮಾತುಗಳನ್ನು ಬಿಟ್ಟು ಬೆರಳಿಟ್ಟು ತೋರಿಸಿ. ಡಾಕ್ಟರಿಗೂ ಎಲ್ಲಿ ಕೊಯ್ಯುತ್ತೀರಿ ಎಂಬುದನ್ನು ನಿಮ್ಮ ಮುಖದ ಮೇಲೇ ಬೆರಳಿಟ್ಟು ತೋರಿಸಿ ಎನ್ನಿ.

ಒಂದೇ ಸಲ ಮಾಡಿಸುವುದಕ್ಕೆ ನಾವು ಕೊಡುತ್ತಿದ್ದ ಕಾರಣಗಳು ಸುಳ್ಳೇನಲ್ಲ. ಒಂದೇ ಅರಿವಳಿಕೆ, ಒಂದೇ ರಜೆ, ಒಂದೇ ಸಲ ಬಾವು, ಥಿಯೇಟರ್ ಚಾರ್ಜೂ ಒಂದೇ. ಆಮೇಲೆ ನನ್ನ ಬ್ರಹ್ಮಾಸ್ತ್ರ: 'ಎರಡು ಮಾಡಿಸಿದರೆ ಮೂರನೆಯದು ಅರ್ಧ ಬೆಲೆಗೆ.' ನಾನು ಹೇಳದೆ ಬಿಟ್ಟದ್ದೂ ಇದೆ. ಮೂಳೆ ಮುಂದೆ ತಂದ ಗಳಿಗೆಯಲ್ಲೇ ಮುಖ ಊದಿಕೊಳ್ಳಲು ಶುರು. ಊದಿದ ಕುತ್ತಿಗೆಯಿಂದ ಎಷ್ಟು ಕೊಬ್ಬು ಹೀರಬೇಕೆಂಬುದು ಆಮೇಲೆ ಅಂದಾಜಿನ ಮಾತು. ಮುಂದೆ ಏನಾದರೂ ಓರೆಕೋರೆ ಕಂಡರೆ ಅದು ಯಾವುದರಿಂದ ಆಯಿತೆಂದು ಹೇಳುವವರಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಖದ ಕೆಳಭಾಗದಲ್ಲಿ ಎರಡು ನರಗಳ ಬಗ್ಗೆ ಸರ್ಜನ್ನರು ಬಹಳ ಹುಷಾರಾಗಿರುತ್ತಾರೆ. ಒಂದು ಸ್ಪರ್ಶದ್ದು. ಕೋರೆಹಲ್ಲಿನಿಂದ ಹಿಂದಕ್ಕೆ ಎರಡನೆಯ ಹಲ್ಲಿನ ಆಸುಪಾಸು ದವಡೆಯಲ್ಲೊಂದು ರಂಧ್ರವಿದೆ, ಅಲ್ಲಿಂದ ಹೊರಬಂದು ಕೆಳದುಟಿಗೂ ಗದ್ದಕ್ಕೂ ಹರಡುತ್ತದೆ. ಹೊರಬರುವ ಮುನ್ನ ಮೂಳೆಯೊಳಗೇ ಒಂದು ಸುತ್ತು ಕೆಳಗಿಳಿದು ಬರುವುದರಿಂದ, ಗದ್ದ ಕತ್ತರಿಸುವಾಗ ಆ ರಂಧ್ರಕ್ಕಿಂತ ಐದಾರು ಮಿಲಿಮೀಟರ್ ಕೆಳಗೇ ಗರಗಸ ಓಡಿಸುತ್ತಾರೆ. ಆದರೂ ತುಟಿಗೆ ಜೋಮು ಹಿಡಿಯುವುದು ಸಾಮಾನ್ಯ. ಹೆಚ್ಚಿನವರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಬಿಡುತ್ತದೆ. ಕೆಲವರಿಗೆ ಒಂದಿಷ್ಟು ಜಾಗ ಹಾಗೇ ಉಳಿಯುತ್ತದೆ. ನಮ್ಮಲ್ಲಿ ಮಾಡಿಸಿಕೊಂಡ ಒಬ್ಬರು ಕಾಲೇಜು ಮೇಷ್ಟ್ರಿಗೆ ಹಾಗಾಗಿತ್ತು. ಸಾರನ್ನ ತಿನ್ನುವಾಗ ಸಾರು ಗದ್ದದ ಮೇಲೆ ಇಳಿದರೂ ತಿಳಿಯದು. ಎದುರಿಗೆ ಕೂತ ಹೆಂಡತಿ ತನ್ನ ಗದ್ದ ಮುಟ್ಟಿಕೊಂಡರೆ ಇವರು ಒರೆಸಿಕೊಳ್ಳಬೇಕು. 'ನಮ್ಮಿಬ್ಬರಲ್ಲಿ ಈಗ ಇದೊಂದು ಸಂಕೇತ ಭಾಷೆ' ಎಂದು ನಗುತ್ತಿದ್ದರು. ನಗುವವರು ಅವರು, ಎಲ್ಲರೂ ನಗುವುದಿಲ್ಲ.

ಇನ್ನೊಂದು ನರ ಚಲನೆಯದು, ದವಡೆಯ ಕೆಳ ಅಂಚಿನಗುಂಟ ಚರ್ಮಕ್ಕೆ ಹತ್ತಿರದಲ್ಲೇ ಸಾಗುತ್ತದೆ. ಕುತ್ತಿಗೆಯ ಲೈಪೋ ಕೊಳವೆ ಓಡಾಡುವ ಜಾಗದ ನೆರೆಯಲ್ಲಿ. ಅದಕ್ಕೆ ಪೆಟ್ಟಾದರೆ ನಕ್ಕಾಗ ಕೆಳದುಟಿಯ ಒಂದು ಕಡೆ ಇಳಿಯುವುದಿಲ್ಲ, ನಗು ಸೊಟ್ಟಗಾಗುತ್ತದೆ. ಜೊತೆಗೆ ಗದ್ದದ ಮುಂದಿನ ಪುಟ್ಟ ಸ್ನಾಯುಗಳನ್ನು ಮರಳಿ ಸರಿಯಾದ ಜಾಗಕ್ಕೆ ಹೊಲಿಯದಿದ್ದರೆ ಗದ್ದದ ಮಾಂಸ ಕೆಳಗೆ ಜಾರುತ್ತದೆ, ಕೆಳಗಿನ ಹಲ್ಲು ಹೆಚ್ಚು ಕಾಣುತ್ತದೆ. ಮೂರೂ ಒಂದೇ ದಿನ ಆದಾಗ, ಸೊಟ್ಟ ನಗು ಬಾವಿನಿಂದಲೋ, ಸ್ನಾಯುವಿನಿಂದಲೋ, ನರದಿಂದಲೋ? ಕಾದು ನೋಡಿ ಎನ್ನುತ್ತಾರೆ. ಬೇರೆ ಉತ್ತರ ಅವರ ಬಳಿಯೂ ಇರುವುದಿಲ್ಲ.

ಪ್ರಾಣದ ಮಾತಿಗೆ ಬರುತ್ತೇನೆ, ಹೆದರಿಸಲು ಅಲ್ಲ. ಕೆಳದವಡೆಯ ಆಪರೇಷನ್ ಉಸಿರಿನ ದಾರಿಯ ಬಾಗಿಲಲ್ಲೇ ನಡೆಯುತ್ತದೆ. ನಾಲಿಗೆಯಡಿ ರಕ್ತ ಕಟ್ಟಿಕೊಂಡರೆ ನಾಲಿಗೆ ಮೇಲೆದ್ದು ಗಂಟಲು ಮುಚ್ಚಬಹುದು. ಅಪರೂಪ, ಆದರೆ ಆದಾಗ ನಿಮಿಷಗಳ ಲೆಕ್ಕ. ಅಂಥ ಹೊತ್ತಿನಲ್ಲಿ ಪಕ್ಕದಲ್ಲಿ ಅರಿವಳಿಕೆ ತಜ್ಞರು, ನರ್ಸು, ಆಕ್ಸಿಜನ್ ಇರಬೇಕು. ಹೋಟೆಲ್ ರೂಮಲ್ಲ, ಅಕ್ಕನ ಮನೆಯ ಸೋಫಾ ಅಲ್ಲ. ದವಡೆ ಕಿರಿದು ಮಾಡುವ ಆಪರೇಷನ್ನಿಗೆ ಹೆಸರಾದ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ 2016ರಲ್ಲಿ ಒಬ್ಬ ಕಾಲೇಜು ಹುಡುಗ ಇಂಥದೇ ಆಪರೇಷನ್ ವೇಳೆ ರಕ್ತ ಹೋಗಿ ಪ್ರಜ್ಞೆ ಬಾರದೆ ತೀರಿಕೊಂಡ. ಸರ್ಜನ್ ಒಂದೇ ಹೊತ್ತಿಗೆ ಬೇರೆ ಥಿಯೇಟರುಗಳಿಗೂ ಓಡಾಡುತ್ತಿದ್ದುದು ಕ್ಯಾಮೆರಾದಲ್ಲಿ ಸಿಕ್ಕಿತು. ಅವನ ತಾಯಿ ಆ ದೃಶ್ಯಗಳನ್ನು ಮತ್ತೆ ಮತ್ತೆ ನೋಡಿ, ವರ್ಷಗಟ್ಟಲೆ ಹೋರಾಡಿದಳು. ಪ್ರಜ್ಞೆ ತಪ್ಪಿಸಿ ಮಾಡುವ ಆಪರೇಷನ್ನಿನ ಥಿಯೇಟರಿನಲ್ಲಿ ಕ್ಯಾಮೆರಾ ಇರಲೇಬೇಕೆಂಬ ಕಾನೂನು ಅಲ್ಲಿ 2023ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ನಮ್ಮೂರಿನ ಮಾತೂ ನಿಮಗೆ ನೆನಪಿರಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕನ್ನಡ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸುವ ಚಿಕಿತ್ಸೆಯ ಬೆನ್ನಿಗೇ ತೀರಿಕೊಂಡಳು. ಅದು ಗದ್ದದ್ದಲ್ಲ. ಆದರೆ ಹೆತ್ತವರಿಗೆ ತಿಳಿಸದೆ ಹೋಗಿದ್ದಳೆಂದು ಪತ್ರಿಕೆಗಳಲ್ಲಿ ಓದಿದಾಗ, ನನ್ನೆದುರು ಕೂತು 'ಮನೇಲಿ ಹೇಳಿಲ್ಲ ಅಕ್ಕಾ' ಅಂದಿದ್ದ ಎಷ್ಟೋ ಮುಖಗಳು ಕಣ್ಣೆದುರು ಬಂದವು. ದಯವಿಟ್ಟು ಒಬ್ಬರಿಗಾದರೂ ಹೇಳಿ ಹೋಗಿ.

ಈಗ ನನ್ನ ವೃತ್ತಿಯ ಗುಟ್ಟು. ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ಗಿರಾಕಿ ಕೇಳಬಾರದ ಪ್ರಶ್ನೆ ಒಂದೇ: 'ಈ ಮೂರರಲ್ಲಿ ಒಂದನ್ನು ಬಿಟ್ಟರೆ ಏನಾಗುತ್ತದೆ?' ಅದನ್ನು ಕೇಳುವ ಮೊದಲೇ ಮಾತು ಇಎಂಐ ಕಡೆಗೆ ತಿರುಗಿಸಬೇಕು. ನೀವು ಕೇಳಿ. ಕೌನ್ಸೆಲರನ್ನಲ್ಲ, ಕತ್ತಿ ಹಿಡಿಯುವವರನ್ನೇ ಕೇಳಿ. ಒಳ್ಳೆಯ ಸರ್ಜನ್ ಒಂದೊಂದಕ್ಕೂ ಒಂದೊಂದು ಉತ್ತರ ಕೊಡುತ್ತಾರೆ, ಒಂದನ್ನು ತಾವೇ ಹೊಡೆದುಹಾಕಿದರೂ ಹಾಕಿದರು. 'ಪ್ಯಾಕೇಜಲ್ಲಿ ಇದೆಯಲ್ಲಾ' ಎಂದರೆ ಎದ್ದು ಬನ್ನಿ. ಅವರ ಹೆಸರಿನ ಮುಂದೆ ಎಂಸಿಎಚ್ ಪ್ಲಾಸ್ಟಿಕ್ ಸರ್ಜರಿ ಇದೆಯೋ, ಬಾಯಿ ದವಡೆ ಶಸ್ತ್ರಚಿಕಿತ್ಸೆಯ ಎಂಡಿಎಸ್ ಇದೆಯೋ, ಬರೀ 'ಏಸ್ತೆಟಿಕ್' ಎಂಬ ಡಿಪ್ಲೊಮಾ ಇದೆಯೋ ನೋಡಿ. ಗೋಡೆಯ ಮೇಲೆ ಕೆಪಿಎಂಇ ನೋಂದಣಿ ಪತ್ರ ತೂಗುಹಾಕಿರಬೇಕು; 2007ರ ಕಾಯ್ದೆಯಂತೆ ಅದಿಲ್ಲದೆ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆ ನಡೆಸುವಂತಿಲ್ಲ. ಹಿಂದೆ ಗದ್ದಕ್ಕೆ ಫಿಲ್ಲರ್ ಹಾಕಿಸಿದ್ದರೆ ಮುಚ್ಚಿಡಬೇಡಿ, ಮೊದಲು ಅದನ್ನು ಕರಗಿಸಬೇಕಾದೀತು. ಬಿಲ್ಲಿನ ಬಗ್ಗೆಯೂ ಒಂದು ಮಾತು: ಚೆಂದಕ್ಕೆ ಮಾಡಿಸಿದರೆ ಜಿಎಸ್‌ಟಿ ಬೀಳುತ್ತದೆ, ಇನ್ಶೂರೆನ್ಸ್ ಬರುವುದಿಲ್ಲ. ಹುಟ್ಟಿನ ದೋಷ, ಬೆಳವಣಿಗೆಯ ದೋಷ, ಅಪಘಾತ ಸರಿಪಡಿಸಿದರೆ ಆ ತೆರಿಗೆಯಿಲ್ಲ. ದವಡೆಯೇ ಹಿಂದಿರುವವರು ಇದನ್ನು ಕೇಳಿ ತಿಳಿದುಕೊಳ್ಳಿ.

ಮದುವೆಗೆ ತಿಂಗಳಿದೆ ಎಂದು ಬರುವವರಿಗೆ ಬೇರೆಯಾಗಿಯೇ ಹೇಳುತ್ತೇನೆ, ಆಗುವುದಿಲ್ಲ. ಎರಡು ಮೂರನೆಯ ದಿನಕ್ಕೆ ಮುಖ ಹಲಸಿನ ಹಣ್ಣಿನ ಹಾಗೆ ಊದುತ್ತದೆ. ಎರಡು ವಾರ ಗಂಜಿ, ರಾಗಿ ಅಂಬಲಿ, ಮಿದ್ದ ಅನ್ನ. ತಲೆಗೂ ಗದ್ದಕ್ಕೂ ಪಟ್ಟಿ ಬಿಗಿದುಕೊಂಡು ಮಲಗಬೇಕು. ಊತ ಮುಕ್ಕಾಲು ಪಾಲು ತಿಂಗಳೊಳಗೆ ಇಳಿದರೂ ಮುಖ ತನ್ನ ರೂಪಕ್ಕೆ ಬಂದು ನಿಲ್ಲಲು ಆರು ತಿಂಗಳೋ ವರ್ಷವೋ. ಆಲ್ಬಮ್ಮಿನಲ್ಲಿ ಉಳಿಯುವುದು ಅರ್ಧ ಇಳಿದ ಬಾವು.

ಕೊನೆಯದಾಗಿ ಹಾಸನದ ಕಡೆಯ ಒಬ್ಬ ಹುಡುಗಿ. ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಬಂದದ್ದು ಗದ್ದಕ್ಕೆ ಮಾತ್ರ, ಅದು ಅವಳಿಗೆ ಬೇಕಾಗಿಯೂ ಇತ್ತು. ಆ ತಿಂಗಳು ನನ್ನ ಟಾರ್ಗೆಟ್ ಮುಟ್ಟಿರಲಿಲ್ಲ. ಕುತ್ತಿಗೆ ಸೇರಿಸಿದೆ. ಮೂರನೆಯದಾಗಿ, ಅರ್ಧ ಬೆಲೆಗೆ, ಬಕಲ್ ಫ್ಯಾಟ್ ಸೇರಿಸಿದೆ. ಕೆನ್ನೆಯ ಒಳಗೆ ಹಲ್ಲಿನ ಪಕ್ಕ ಕೂತಿರುವ ಕೊಬ್ಬಿನ ಗಂಟು ಅದು, ಒಂದೊಂದು ಕಡೆಗೆ ಹತ್ತು ಮಿಲಿಲೀಟರಿನಷ್ಟು. ಬಾಯೊಳಗೆ ಸಣ್ಣ ಗಾಯ ಮಾಡಿ ಎಳೆದು ತೆಗೆಯುತ್ತಾರೆ, ಕೆನ್ನೆ ಚಪ್ಪಟೆಯಾಗಿ ದವಡೆಯ ಗೆರೆ ಎದ್ದು ಕಾಣುತ್ತದೆ. ಆ ಹಿರಿಯ ಸರ್ಜನ್ ಅಂದು ಇರಲಿಲ್ಲ, ಬೇರೆಯವರು ಮಾಡಿದರು. ಫೋಟೊ ಎಷ್ಟು ಚೆನ್ನಾಗಿ ಬಂತೆಂದರೆ ಬಹಳ ದಿನ ನಮ್ಮ ರಿಸೆಪ್ಷನ್ನಿನ ಗೋಡೆಯ ಮೇಲಿತ್ತು. ಆರು ವರ್ಷದ ಮೇಲೆ, ಒಂದು ಮಗುವಾಗಿ ಮೈ ಇಳಿದ ಮೇಲೆ, ಫೋನು ಮಾಡಿದಳು. ಬೈಯಲಿಲ್ಲ. 'ಅಕ್ಕಾ, ಕೆನ್ನೆ ಪೂರ್ತಿ ಒಳಗೆ ಹೋಗಿಬಿಟ್ಟಿದೆ. ಅವತ್ತು ತೆಗೆದದ್ದನ್ನ ವಾಪಸ್ ಇಡೋಕಾಗುತ್ತಾ?' ಅಂದಳು. ತೊಡೆಯಿಂದ ತೆಗೆದು ತುಂಬುತ್ತಾರೆ, ಅದಕ್ಕೆ ಬೇರೆ ರೇಟು ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ.

ನಾನು ಆ ಮೂರನ್ನು ಬರೆದುಕೊಂಡ ದಿನ ಅವಳ ಪಕ್ಕದ ಕುರ್ಚಿಯಲ್ಲಿ ಅವಳ ಅಮ್ಮ ಕೂತಿದ್ದರು. ಐವತ್ತು ತುಂಬಿರಲಿಲ್ಲ. ಎರಡೂ ಕೆನ್ನೆ ಒಳಗೆ ಸರಿದು, ಕುಂಕುಮ ಇಟ್ಟ ಮುಖದಲ್ಲಿ ಮೂಳೆಗಳು ಕಾಣುತ್ತಿದ್ದವು. ಅದೇ ಮುಖ, ಮಗಳದು ಇಪ್ಪತ್ತೈದು ವರ್ಷ ಹಿಂದಿನದು ಅಷ್ಟೇ. ನಾನು ನೋಡಿದ್ದೆ. ನೋಡಿಯೇ ರಸೀದಿ ಹರಿದು ಆ ಅಮ್ಮನ ಕೈಗೆ ಕೊಟ್ಟೆ.

ಇಂತಿ,
ನಿಮ್ಮ ಹಳೆಯ ಕೌನ್ಸೆಲರ್